ಬೋರ್ಡ್ ಬೇಡ, ಬಾಗಿಲು ಸರಿ ಮಾಡಿ

ಬಾಗಿಲಿಗೆ "ತಳ್ಳಿ" ಅಂತ ಚೀಟಿ ಅಂಟಿಸಿದ್ದಾರೆ ಅಂದ್ರೆ ಆ ಬಾಗಿಲಲ್ಲೇ ಏನೋ ಎಡವಟ್ಟಿದೆ. ಹಿಡಿದು ಎಳೆಯುವಂಥ ಉದ್ದನೆ ಹಿಡಿಕೆ ಇಟ್ಟು, ಅದರ ಮೇಲೆ "ತಳ್ಳಿ" ಅಂತ ಬರೆದರೆ ಕೈ ಯಾವುದನ್ನು ನಂಬಬೇಕು? ಅದು ಹಿಡಿಕೆಯನ್ನೇ ನಂಬುತ್ತದೆ. ದಿನಾ ಅಲ್ಲೇ ಓಡಾಡುವವರೂ ಒಮ್ಮೆ ಎಳೆದು, ಆಮೇಲೆ ತಳ್ಳುತ್ತಾರೆ. ತಳ್ಳುವ ಕಡೆಯ ಹಿಡಿಕೆ ಕಿತ್ತುಹಾಕಿ ಅಲ್ಲೊಂದು ಚಪ್ಪಟೆ ತಗಡು ಕೂರಿಸಿ ನೋಡಿ. ಹಿಡಿಯೋಕೆ ಏನೂ ಇಲ್ಲ, ಹಾಗಾಗಿ ಎಳೆಯುವ ಮಾತೇ ಇಲ್ಲ, ಚೀಟಿಯೂ ಬೇಕಿಲ್ಲ. ಡಿಸೈನ್ ಬಗ್ಗೆ ಬರೆಯುವ ಅಮೆರಿಕದ ಡಾನ್ ನಾರ್ಮನ್ ಇದನ್ನು 1988ರಲ್ಲೇ ಬಿಡಿಸಿ ಬರೆದಿದ್ದರು. ಹೀಗೆ ಗೊಂದಲ ಮಾಡಿಸುವ ಬಾಗಿಲಿಗೆ ಡಿಸೈನ್ ಕೆಲಸದವರು ಈಗಲೂ 'ನಾರ್ಮನ್ ಡೋರ್' ಅಂತಲೇ ಕರೆಯುತ್ತಾರೆ.

ಜನ ಹೀಗೆ ಮಾಡಲಿ, ಹಾಗೆ ಮಾಡದಿರಲಿ ಅನ್ನಿಸಿದ ತಕ್ಷಣ ನಮಗೆ ಮೊದಲು ಹೊಳೆಯುವುದು ಬುದ್ಧಿ ಹೇಳೋದು. ಬೋರ್ಡು, ಸುತ್ತೋಲೆ, ದಂಡ. ಆದರೆ ದಿನದ ಬಹುಪಾಲು ಕೆಲಸಗಳನ್ನು ನಾವು ಯೋಚಿಸಿ ಮಾಡುವುದಿಲ್ಲ, ಕೈ ತನ್ನ ಪಾಡಿಗೆ ಮಾಡುತ್ತಿರುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಅಂಥ ಹೊತ್ತಲ್ಲಿ ಬುದ್ಧಿಮಾತು ಯಾರಿಗೆ ಕೇಳಿಸುತ್ತದೆ?

ಎಟಿಎಂ ನೋಡಿ. ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಹೊರಗೆ ಹಾಕುವ ಯಂತ್ರಗಳಲ್ಲಿ ಜನ ಕಾರ್ಡ್ ಬಿಟ್ಟು ಹೋಗುತ್ತಿದ್ದರು. ತಪ್ಪು ಅವರದ್ದಲ್ಲ. ಬಂದಿದ್ದೇ ದುಡ್ಡಿಗೆ, ದುಡ್ಡು ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತು ಅಂತ ತಲೆ ತೀರ್ಮಾನ ಮಾಡಿಬಿಡುತ್ತದೆ. "ನಿಮ್ಮ ಕಾರ್ಡ್ ಮರೆಯಬೇಡಿ" ಅಂತ ಪರದೆ ಮೇಲೆ ತೋರಿಸಿದರೆ ಓದೋಕೆ ಅವರು ಅಲ್ಲಿರಬೇಕಲ್ವಾ! ಪರಿಹಾರ ತೀರಾ ಸರಳ: ಮೊದಲು ಕಾರ್ಡ್ ತೆಗೆದುಕೊಳ್ಳಿ, ಆಮೇಲೇ ದುಡ್ಡು. ದುಡ್ಡು ಮರೆತು ಹೋಗುವವರು ಅಪರೂಪ. ಕ್ರಮ ಅದಲು ಬದಲು ಮಾಡಿದ್ದಷ್ಟೇ, ಯಾರಿಗೂ ಪಾಠ ಹೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ನನಗೆ ಡಿಸೈನ್ ಅಂದ್ರೆ ಇದು.

ಈ ವಿಷಯ ಬಂದಾಗೆಲ್ಲ ಗಂಡಸರು ಗುರಿಯಿಟ್ಟು, ಆಚೀಚೆ ಚೆಲ್ಲದಿರಲಿ ಅಂತ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಮೂತ್ರಾಲಯದಲ್ಲಿ ಬಿಡಿಸಿದ ನೊಣದ ಚಿತ್ರ, ಜನ ಎಸ್ಕಲೇಟರ್ ಬಿಟ್ಟು ಹತ್ತಲಿ ಅಂತ 2009ರಲ್ಲಿ ಸ್ಟಾಕ್‌ಹೋಮ್‌ನ ಮೆಟ್ರೋದಲ್ಲಿ ಪಿಯಾನೋ ಥರ ನುಡಿಯುವ ಮೆಟ್ಟಿಲು ಮಾಡಿದ್ದು, ಇವೇ ಉದಾಹರಣೆಗಳು ಓಡಾಡುತ್ತವೆ. ಚೆನ್ನಾಗಿವೆ. ಆದರೆ ಮೆಟ್ಟಿಲ ಮೇಲಿನ ಸಂಗೀತ ದಿನಾ ಕೇಳುವವರಿಗೆ ಎಷ್ಟು ದಿನ ಹೊಸದಾಗಿರುತ್ತದೆ? ನಿಜವಾದ ಬಲ ಇರುವುದು ಯಾರ ಕಣ್ಣಿಗೂ ಬೀಳದ ಕಡೆ: ನಾವೇನೂ ಮಾಡದೆ ಸುಮ್ನೆ ಇದ್ದರೆ ಏನಾಗುತ್ತದೆ ಅಂತ ಮೊದಲೇ ಯಾರೋ ಬರೆದಿಟ್ಟಿರುವ ಆಯ್ಕೆಯಲ್ಲಿ. ಅಂದ್ರೆ ಡಿಫಾಲ್ಟ್.

ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಎಂಬ ಸಂಶೋಧಕರು 2003ರಲ್ಲಿ ಅಂಗಾಂಗ ದಾನದ ಒಪ್ಪಿಗೆಯನ್ನು ದೇಶದಿಂದ ದೇಶಕ್ಕೆ ಹೋಲಿಸಿದರು. ಜರ್ಮನಿಯಲ್ಲಿ ಒಪ್ಪಿದವರು ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಜಾಸ್ತಿ. ಎರಡೂ ಕಡೆ ಆಡುವುದು ಜರ್ಮನ್ ಭಾಷೆಯೇ. ಆಸ್ಟ್ರಿಯಾದವರು ಅಷ್ಟೊಂದು ದೊಡ್ಡ ಮನಸ್ಸಿನವರು ಅಂತಲ್ಲ. ಜರ್ಮನಿಯಲ್ಲಿ ದಾನಿ ಆಗಬೇಕಾದರೆ ನೀವಾಗಿ ಹೇಳಬೇಕಿತ್ತು, ಆಸ್ಟ್ರಿಯಾದಲ್ಲಿ ಬೇಡ ಅನ್ನುವವರು ಹೇಳಬೇಕಿತ್ತು. ಎರಡೂ ಕಡೆ ಹೆಚ್ಚಿನವರು ಏನೂ ಹೇಳಲಿಲ್ಲ.

ಈ ಅಂಕಿ ನೋಡಿ ಡಿಫಾಲ್ಟ್ ಬದಲಾಯಿಸಿದರೆ ಸಾಕು ಅಂದುಕೊಳ್ಳುವವರ ಜೊತೆ ನಾನು ಇಲ್ಲ. ದಾಖಲೆಯಲ್ಲಿರುವ ಒಪ್ಪಿಗೆ ಬೇರೆ, ಆಸ್ಪತ್ರೆಯಲ್ಲಿ ನಿಜಕ್ಕೂ ಆಗುವ ದಾನ ಬೇರೆ. ದಾನದಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿರುವ ಸ್ಪೇನ್‌ನಲ್ಲಿ ಎಲ್ಲರನ್ನೂ ದಾನಿಗಳೆಂದು ಎಣಿಸುವ ಕಾನೂನು 1979ರಲ್ಲೇ ಬಂತು. ಹಾಗಿದ್ದೂ ಅಲ್ಲಿ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಅವರ ಗೆಲುವಿಗೆ ದೊಡ್ಡ ಕಾರಣ 1989ರಲ್ಲಿ ಶುರುವಾದ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ, ಆಸ್ಪತ್ರೆಗಳಲ್ಲಿರುವ ತರಬೇತಾದ ಸಂಯೋಜಕರು. ದುಃಖದಲ್ಲಿರುವ ಮನೆಯವರ ಹತ್ತಿರ ಕೂತು, ಯಾವ ಹೊತ್ತಲ್ಲಿ ಯಾವ ಮಾತು ಆಡಬೇಕು ಅಂತ ತಿಳಿದವರು ಅವರು. ಅದನ್ನೂ ಯಾರೋ ಕೂತು ಯೋಚಿಸಿ ಕಟ್ಟಿದ್ದೇ ಅಲ್ವಾ?

ಬಲವಂತಕ್ಕೆ ಇಳಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ 1974ರ ಕಾರುಗಳಿವೆ. ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಇಂಜಿನ್ನೇ ಶುರುವಾಗದಂತೆ ಮಾಡಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಪಕ್ಕದ ಸೀಟಿನಲ್ಲಿ ಭಾರದ ಚೀಲ ಇಟ್ಟರೂ ಕಾರು ಅದನ್ನು ಮನುಷ್ಯ ಅಂದುಕೊಂಡು ಹಟ ಹಿಡಿದು ನಿಲ್ಲುತ್ತಿತ್ತು. ಜನ ಸಿಟ್ಟಿಗೆದ್ದರು, ವೈರ್ ಕಿತ್ತರು. ಅದೇ ವರ್ಷ ಸಂಸತ್ತು ಕಾನೂನು ಮಾಡಿ ಆ ಕಡ್ಡಾಯವನ್ನೇ ತೆಗೆದುಹಾಕಿತು. ಬೆಲ್ಟ್‌ನಿಂದ ಜೀವ ಉಳಿಯುತ್ತದೆ ಅನ್ನೋದು ಎಷ್ಟೇ ಸತ್ಯವಾಗಿದ್ದರೂ ಕೈ ಕಟ್ಟಿ ಹಾಕಿದವರ ಮೇಲೆ ಜನರಿಗೆ ಪ್ರೀತಿ ಬರುವುದಿಲ್ಲ. ಇವತ್ತಿನ ಕಾರು ಟಿಣ್ ಟಿಣ್ ಅಂತ ಕಿವಿ ಕೊರೆಯುತ್ತದೆ, ಆದರೆ ಹೊರಡೋಕೆ ಬಿಡುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಈಗ ಫೋನ್‌ಗೆ ಬರೋಣ, ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮೊದಲು ಪುಟಕ್ಕೊಂದು ಕೊನೆ ಇರುತ್ತಿತ್ತು. ಕೊನೆಗೆ ಬಂದಾಗ ಮುಂದಿನ ಪುಟ ಒತ್ತಬೇಕಿತ್ತು, ಆ ಒಂದು ಕ್ಷಣದಲ್ಲಿ "ಸಾಕು, ಮಲಗೋಣ" ಅನ್ನಿಸುವುದಕ್ಕೆ ಜಾಗ ಇರುತ್ತಿತ್ತು. 2006ರಲ್ಲಿ ಡಿಸೈನರ್ ಏಜಾ ರಾಸ್ಕಿನ್ ರೂಪಿಸಿದ, ಕೆಳಗೆ ಸರಿಸಿದಷ್ಟೂ ಮುಗಿಯದ ಸ್ಕ್ರೋಲ್ ಆ ಜಾಗವನ್ನೇ ಅಳಿಸಿತು. ಅದಕ್ಕಾಗಿ ಅವರು ಆಮೇಲೆ ಬಹಿರಂಗವಾಗಿ ಬೇಸರ ಪಟ್ಟುಕೊಂಡರು. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾಗುವುದೂ ಡಿಫಾಲ್ಟೇ. ಆಸ್ಟ್ರಿಯಾದಲ್ಲಿ ಜೀವ ಉಳಿಸಲೆಂದು ಇಟ್ಟ ಅಸ್ತ್ರವನ್ನೇ ಇಲ್ಲಿ ನಮ್ಮ ನಿದ್ದೆಯ ಮೇಲೆ ಬಿಟ್ಟಿದ್ದಾರೆ.

ಇನ್ನು ಚಂದಾ ರದ್ದು ಮಾಡುವ ಪುಟ. ಸೇರಲು ಒಂದೇ ಬಟನ್, ದೊಡ್ಡದು, ಹಸಿರು ಬಣ್ಣದ್ದು. ಬಿಡಬೇಕಾದರೆ ಸೆಟ್ಟಿಂಗ್ಸ್ ಒಳಗೆ ಖಾತೆ, ಖಾತೆ ಒಳಗೆ ಯೋಜನೆ, ಅಲ್ಲಿ "ಯಾಕೆ ಬಿಡುತ್ತಿದ್ದೀರಿ?" ಅಂತ ಪ್ರಶ್ನೆ, ಆಮೇಲೊಂದು ರಿಯಾಯಿತಿ, ಕೊನೆಗೆ ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ "ಆದರೂ ರದ್ದು ಮಾಡಿ". ಇಂಥವಕ್ಕೆ ಡಿಸೈನರ್ ಹ್ಯಾರಿ ಬ್ರಿಗ್ನಲ್ 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಅಂತ ಹೆಸರಿಟ್ಟರು. ಆ ಪುಟ ಕಟ್ಟಿದವರಿಗೆ ಜನರ ಸ್ವಭಾವ ಚೆನ್ನಾಗಿಯೇ ಗೊತ್ತು. ನಾವು ಎಲ್ಲಿ ಸುಸ್ತಾಗಿ ಕೈಬಿಡುತ್ತೇವೆ ಅಂತ ಲೆಕ್ಕ ಹಾಕಿ ಅಲ್ಲಲ್ಲೇ ಕಲ್ಲಿಟ್ಟಿದ್ದಾರೆ.

ಹಾಗಾಗಿ ಯಾವುದೇ ಆ್ಯಪ್ ಹಾಕಿಕೊಳ್ಳುವ ಮೊದಲು ನಾನು ಹೊರಗೆ ಹೋಗುವ ದಾರಿ ಹುಡುಕುತ್ತೇನೆ. ಅದು ಸೇರುವ ದಾರಿಯಷ್ಟೇ ಸಲೀಸಾಗಿದ್ದರೆ ಉಳಿದದ್ದನ್ನು ನೋಡುತ್ತೇನೆ. ಡಿಸೈನ್ ಕೆಲಸದಲ್ಲಿರುವ ಗೆಳೆಯ ಗೆಳತಿಯರಿಗೂ ಇದನ್ನೇ ಕೇಳುತ್ತೇನೆ: ನೀವು ಇಟ್ಟ ಡಿಫಾಲ್ಟ್ ಏನು, ಯಾಕೆ ಇಟ್ಟಿರಿ ಅಂತ ಅದೇ ಪರದೆ ಮೇಲೆ ಒಂದು ಸಾಲಿನಲ್ಲಿ ಬರೆಯೋಕೆ ನಿಮಗೆ ಧೈರ್ಯ ಇದೆಯಾ? ಇದ್ದರೆ ಬರೆಯಿರಿ. ಇಲ್ಲದಿದ್ದರೆ ನಾಳೆ ಮೀಟಿಂಗ್‌ನಲ್ಲಿ ಆ ಬೂದು ಅಕ್ಷರವನ್ನು ಬಟನ್ ಮಾಡಿಸುವುದರಿಂದಲೇ ಶುರು ಮಾಡಿ.