ಸೈಕಲ್ ಕೊಟ್ಟ ಮಕ್ಕಳು, ಷೇರು ಕೊಂಡ ಭಾವ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಲ್ಲಿ ಇರೋದು ಒಂದು ಲಕ್ಷ ಚಿಲ್ಲರೆ ಜನ. ಅಲ್ಲಿನ ಲ್ಯಾಂಬೊ ಫೀಲ್ಡ್ ಸ್ಟೇಡಿಯಂನಲ್ಲಿ 81 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಇಷ್ಟು ಸಣ್ಣ ಊರಿಗೆ ಅಮೆರಿಕನ್ ಫುಟ್‌ಬಾಲ್‌ನ ಅತಿ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ತಂಡ ಹೇಗೆ ಉಳಿಯಿತು? ತಂಡದ ಹೆಸರು ಪ್ಯಾಕರ್ಸ್. 1919ರಲ್ಲಿ ಶುರುವಾದಾಗ ಜೆರ್ಸಿಗೆ ದುಡ್ಡು ಕೊಟ್ಟಿದ್ದು ಮಾಂಸ ಪ್ಯಾಕ್ ಮಾಡುವ ಕಂಪನಿ. ಆಮೇಲೆ ಕೈ ಬರಿದಾದಾಗಲೆಲ್ಲ ತಂಡ ಜನರಿಗೇ ಷೇರು ಮಾರಿತು. ಈಗ ಅದಕ್ಕೆ 5 ಲಕ್ಷ 37 ಸಾವಿರಕ್ಕೂ ಹೆಚ್ಚು ಮಾಲೀಕರು.

ಅವರಲ್ಲಿ ನಮ್ಮ ಭಾವನೂ ಒಬ್ಬರು. ಮಿಲ್ವಾಕಿಯ ಮನೆಯ ಹಾಲ್‌ನಲ್ಲಿ, ದೇವರ ಫೋಟೋದ ಪಕ್ಕದ ಗೋಡೆಗೇ ಷೇರು ಪತ್ರಕ್ಕೆ ಕಟ್ಟು ಹಾಕಿಸಿ ತೂಗು ಹಾಕಿದ್ದಾರೆ. ಕಳೆದ ಮಾರಾಟದಲ್ಲಿ ಕೊಂಡದ್ದು, 300 ಡಾಲರ್. ಲಾಭ ಬರಲ್ಲ, ಬೇರೆಯವರಿಗೆ ಮಾರೋ ಹಾಗಿಲ್ಲ, ಇದಿದ್ದರೆ ಟಿಕೆಟ್ ಸಿಗುತ್ತೆ ಅಂತಲೂ ಇಲ್ಲ. "ಮತ್ತೆ ಯಾಕೆ ತಗೊಂಡ್ರಿ ಭಾವ?" ಅಂದೆ. ಅವರು ಬಾಯಿ ತೆರೆಯುವ ಮುಂಚೆ ಅಕ್ಕ ಅಡುಗೆಮನೆಯಿಂದಲೇ, "ನಾನೂ ಅದನ್ನೇ ಕೇಳಿದ್ದು" ಅಂದಳು.

2023ರ ಆಗಸ್ಟ್. ಸೀಸನ್ ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ಟ್ರೈನಿಂಗ್ ಕ್ಯಾಂಪ್ ನೋಡೋಕೆ ದುಡ್ಡು ಕೊಡಬೇಕಿಲ್ಲ ಅಂತ ಭಾವ ಬೆಳಗ್ಗೆ ಬೇಗ ಎಬ್ಬಿಸಿ ಕಾರು ಹತ್ತಿಸಿದರು. ಐ-43 ಹೆದ್ದಾರಿಯಲ್ಲಿ ಉತ್ತರಕ್ಕೆ ಎರಡು ಗಂಟೆ. ಬಲಗಡೆ ಎಲ್ಲೋ ಮಿಷಿಗನ್ ಸರೋವರ ಇದೆ ಅಂತ ಗೊತ್ತು, ರಸ್ತೆಯಿಂದ ಕಾಣೋದು ಜಾಸ್ತಿ ಜೋಳದ ಹೊಲವೇ.

ಲ್ಯಾಂಬೊ ಫೀಲ್ಡ್ ಮುಂದೆ ನೂರಾರು ಮಕ್ಕಳು ಸೈಕಲ್ ಹಿಡಿದು ನಿಂತಿದ್ದರು. ಆಟಗಾರರು ಡ್ರೆಸ್ಸಿಂಗ್ ರೂಮಿನಿಂದ ರಸ್ತೆಯಾಚೆಯ ರೇ ನಿಟ್ಷ್ಕಿ ಮೈದಾನಕ್ಕೆ ಈ ಮಕ್ಕಳ ಸೈಕಲ್ ಮೇಲೇ ಹೋಗಬೇಕು. ದಶಕಗಳಿಂದ ನಡೆದು ಬಂದ ಪದ್ಧತಿ. ನೂರೈವತ್ತು ಕಿಲೋ ತೂಗುವ ಮನುಷ್ಯ ಗುಲಾಬಿ ಬಣ್ಣದ ಪುಟ್ಟ ಸೈಕಲ್ ಮೇಲೆ ಕೂತಿದ್ದಾನೆ, ಮೊಣಕಾಲು ಗದ್ದಕ್ಕೆ ತಾಗುತ್ತಿದೆ. ಸೈಕಲ್ ಒಡತಿ ಅವನ ಹೆಲ್ಮೆಟ್ ಅಪ್ಪಿಕೊಂಡು ಪಕ್ಕದಲ್ಲೇ ಓಡುತ್ತಿದ್ದಾಳೆ.

ನೋಡಿ ನಕ್ಕೆ. ಆಮೇಲೆ ಭಾವ ಲೆಕ್ಕ ಹೇಳಿದರು. ಕ್ಯಾಂಪಿಗೆ ಬರೋರು 90 ಜನ. ಎಷ್ಟು ಜನ ಅಂದರೆ ಕೆಲವು ನಂಬರ್ ಇಬ್ಬಿಬ್ಬರ ಬೆನ್ನ ಮೇಲಿರುತ್ತೆ. ಆ ವರ್ಷ ಆಗಸ್ಟ್ 29ರೊಳಗೆ ಅವರನ್ನು 53ಕ್ಕೆ ಇಳಿಸಬೇಕಿತ್ತು. ಅದೂ ಹಂತ ಹಂತವಾಗಿ ಅಲ್ಲ, ಒಂದೇ ಸಲ. 32 ತಂಡಗಳನ್ನು ಸೇರಿಸಿದರೆ ಸಾವಿರಕ್ಕೂ ಜಾಸ್ತಿ ಜನ ಮನೆಗೆ. ಕೆಲವರನ್ನು ಅಭ್ಯಾಸದ ಪಟ್ಟಿಗೆ ವಾಪಸ್ ಕರೀತಾರೆ, ಉಳಿದವರು ಬೇರೆ ಕೆಲಸ ಹುಡುಕಬೇಕು. ಆ ಹುಡುಗಿ ಯಾರ ಹೆಲ್ಮೆಟ್ ಹಿಡಿದಿದ್ದಳೋ, ಸೆಪ್ಟೆಂಬರ್‌ನಲ್ಲಿ ಅವನು ಈ ಊರಲ್ಲಿ ಇದ್ದನೋ ಇಲ್ಲವೋ.

ಆ ವರ್ಷ ಅಭಿಮಾನಿಗಳಿಗೆ ದೊಡ್ಡ ಚಿಂತೆ ಬೇರೆಯೇ ಇತ್ತು, ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನದು. 18 ಸೀಸನ್ ಆಡಿದ ಆರನ್ ರಾಡ್ಜರ್ಸ್‌ನನ್ನು ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟುಬಿಟ್ಟಿದ್ದರು. ಅವನ ಗೆಳೆಯರಾದ ಕಾಬ್, ಲಝಾರ್ಡ್ ಕೂಡ ಅಲ್ಲಿಗೇ ಹೋಗಿದ್ದರು. ಜಾಗ ತುಂಬಬೇಕಿದ್ದವನು ಜೋರ್ಡನ್ ಲವ್. 2020ರಲ್ಲಿ ತಂಡಕ್ಕೆ ಬಂದು ಮೂರು ವರ್ಷ ಬೆಂಚ್ ಕಾಯ್ದವನು. ಮೊದಲಿಂದ ಕಣಕ್ಕಿಳಿದದ್ದು ಒಂದೇ ಪಂದ್ಯದಲ್ಲಿ, ಅದನ್ನೂ ಸೋತಿದ್ದ. ಚಹಲ್‌ನನ್ನು ಆರ್‌ಸಿಬಿ ಕೈಬಿಟ್ಟಾಗ ನಮ್ಮಲ್ಲಿ ಎದ್ದ ಗಲಾಟೆ ನೆನಪಿದೆ ಅಲ್ವಾ? ಅದರ ಹತ್ತರಷ್ಟು ಅಂದುಕೊಳ್ಳಿ.

ಆದರೆ ಬೇಲಿ ಪಕ್ಕ ನಿಂತಿದ್ದ ಹಿರಿಯರಿಗೆ ಅಷ್ಟೇನೂ ಗಾಬರಿ ಇರಲಿಲ್ಲ. ಅವರು 2008 ನೋಡಿದವರು. ಆಗಿನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್‌ನನ್ನು ಕಳಿಸಿದ್ದೂ ಜೆಟ್ಸ್‌ಗೇ. ಜಾಗಕ್ಕೆ ಬಂದ ರಾಡ್ಜರ್ಸ್‌ಗೆ ಇವರೇ ಛೀಮಾರಿ ಹಾಕಿದ್ದರು. ಮೊದಲ ವರ್ಷ 16ರಲ್ಲಿ ಆರೇ ಗೆಲುವು. ಅದಾಗಿ ಎರಡೇ ವರ್ಷಕ್ಕೆ ಅವನೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆಲ್ಲಿಸಿಕೊಟ್ಟ. ಕಾಯೋದು ಇವರಿಗೆ ಅಭ್ಯಾಸವಾಗಿದೆ. ಸೀಸನ್ ಟಿಕೆಟ್‌ಗೆ ಹೆಸರು ಬರೆಸಿ ಕಾಯುತ್ತಿರುವವರೇ ಒಂದು ಲಕ್ಷಕ್ಕೂ ಜಾಸ್ತಿ.

ಅಲ್ಲೊಬ್ಬ ಅಜ್ಜಿ ಮಡಚುವ ಕುರ್ಚಿ ತಂದು ಕೂತಿದ್ದರು. ಕೈಯಲ್ಲೊಂದು ಸಣ್ಣ ನೋಟ್‌ಬುಕ್. ಎಲ್ಲರೂ ಲವ್ ಎಸೆತ ನೋಡುತ್ತಿದ್ದರೆ ಇವರ ಕಣ್ಣೆಲ್ಲ ಕಂಬಗಳ ನಡುವೆ ಚೆಂಡು ಒದ್ದು ಅಂಕ ತರುವ ಕಿಕ್ಕರ್ ಮೇಲೆ. 16 ಸೀಸನ್ ಆಡಿ, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಮೇಸನ್ ಕ್ರಾಸ್ಬಿಯ ಕಾಂಟ್ರಾಕ್ಟ್ ಮುಗಿದಿತ್ತು, ಮುಂದುವರಿಸಿರಲಿಲ್ಲ. ಬದಲಿಗೆ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ ಆ್ಯಂಡರ್ಸ್ ಕಾರ್ಲ್ಸನ್ ಎಂಬ ಹೊಸ ಹುಡುಗನನ್ನು ತಂದಿದ್ದರು. ಒಂದೊಂದು ಒದೆತಕ್ಕೂ ಅಜ್ಜಿ ಗೀಟು ಹಾಕುತ್ತಿದ್ದರು. ಚೆಂಡು ಕಂಬದಾಚೆ ಹೋದಾಗ ಗೀಟಿನ ಬದಲು ಸೊನ್ನೆ. "ಕ್ವಾರ್ಟರ್‌ಬ್ಯಾಕ್ ಕಲಿತುಕೊಳ್ತಾನೆ. ನನ್ನ ಭಯ ಇವನದು," ಅಂದರು. ಅವರ ಮನೆಯಲ್ಲೂ ಷೇರು ಇತ್ತಂತೆ, ಅವರ ತಂದೆ 1950ರಲ್ಲಿ ಕೊಂಡದ್ದು. ಜುಲೈನಲ್ಲಿ ನಡೆಯುವ ಮಾಲೀಕರ ಸಭೆಯಲ್ಲಿ ಇದನ್ನು ಕೇಳಬಹುದಿತ್ತಲ್ವಾ ಅಂದೆ. ಅಜ್ಜಿಯೂ ಭಾವನೂ ಒಟ್ಟಿಗೆ ನಕ್ಕರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನೋದು ಜನರಲ್ ಮ್ಯಾನೇಜರ್ ಗೂಟೆಕುನ್ಸ್ಟ್ ಕೆಲಸ. ಮಾಲೀಕರ ಪಾಲಿಗೆ ಇರೋದು ಬೇಲಿ.

ಮಧ್ಯಾಹ್ನ ಚೀಸ್ ಕರ್ಡ್ಸ್, ಅಂದರೆ ಹೊಸ ಚೀಸ್‌ನ ಸಣ್ಣ ತುಂಡುಗಳನ್ನು ತಿಂದೆವು. ತಾಜಾ ಆಗಿದ್ದರೆ ಹಲ್ಲಿಗೆ ಕಿರ್‌ ಅನ್ನುತ್ತೆ. ಇದಕ್ಕೆ ಸ್ವಲ್ಪ ಕಾರ ಹಾಕಬಾರದಿತ್ತೇ ಅಂತ ಈಗಲೂ ಅನಿಸುತ್ತೆ.

ಆ ಸೀಸನ್ ಹೀಗಾಯಿತು. ಲವ್ ಅಕ್ಟೋಬರ್‌ನಲ್ಲಿ ತಡವರಿಸಿ, ನವೆಂಬರ್ ಹೊತ್ತಿಗೆ ಚೇತರಿಸಿಕೊಂಡ. ಪ್ಲೇಆಫ್‌ನಲ್ಲಿ ಡಲ್ಲಾಸ್ ತಂಡವನ್ನು ಅವರದೇ ಮೈದಾನದಲ್ಲಿ 48-32ರಿಂದ ಸೋಲಿಸಿದರು. ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋ ಎದುರು ನಾಲ್ಕು ಅಂಕ ಮುಂದಿದ್ದಾಗ, ಕೊನೇ ಹಂತದಲ್ಲಿ ಕಾರ್ಲ್ಸನ್ 41 ಗಜದಿಂದ ಒದ್ದ ಚೆಂಡು ಎಡಕ್ಕೆ ಹೋಯಿತು. ಪಂದ್ಯ ಹೋದದ್ದು 24-21ಕ್ಕೆ, ಬರೀ ಮೂರು ಅಂಕಕ್ಕೆ, ಅಂಥ ಒಂದು ಒದೆತಕ್ಕೆ ಸಿಗುವಷ್ಟಕ್ಕೇ. ಭಾವ ಫೋನ್ ಮಾಡಿ ಮೊದಲು ಹೇಳಿದ್ದೇ, "ಆ ಅಜ್ಜಿ ಹೇಳಿದ್ರಲ್ಲಪ್ಪ!" ಮುಂದಿನ ಆಗಸ್ಟ್‌ನಲ್ಲಿ ಕಾರ್ಲ್ಸನ್‌ನನ್ನೂ ಕೈಬಿಟ್ಟರು. ಅವನ ಜಾಗಕ್ಕೆ ಬಂದವನು ಅಕ್ಟೋಬರ್ ದಾಟಲಿಲ್ಲ.