'ಸರ್' ಎನ್ನಬೇಡ, ಕ್ಯಾಪ್ಟನ್ ಎನ್ನು

16 ಜೂನ್ 2024, ಭಾನುವಾರ

'ಸ್ಟಾರ್ ಟ್ರೆಕ್: ವಾಯೇಜರ್' ಎಂಬ ಅಂತರಿಕ್ಷ ಹಡಗಿನ ಟಿವಿ ಸರಣಿಯ ಮೊದಲ ಕಂತನ್ನು ಇಂದು ಮತ್ತೆ ನೋಡಿದೆ. ಒಂದು ಜಗಳಕ್ಕೆ ಸಾಕ್ಷಿ ಬೇಕಿತ್ತು.

1995ರ ಕಂತು. ಹೊಸದಾಗಿ ಕೆಲಸಕ್ಕೆ ಸೇರಿದ ಹ್ಯಾರಿ ಕಿಮ್ ಬೆನ್ನು ಸೆಟೆಸಿಕೊಂಡು ನಿಂತಿದ್ದಾನೆ. ನಿಯಮ ಏನೇ ಇರಲಿ, 'ಸರ್' ಎನ್ನಿಸಿಕೊಳ್ಳುವುದು ತನಗೆ ಹಿಡಿಸದು ಎನ್ನುತ್ತಾಳೆ ಹಡಗಿನ ಕ್ಯಾಪ್ಟನ್ ಜೇನ್‌ವೇ. ಅವನು ತಡವರಿಸಿ 'ಮ್ಯಾಮ್' ಎನ್ನುತ್ತಾನೆ. ತೀರಾ ಇಕ್ಕಟ್ಟಿನಲ್ಲಿ ಅದೂ ನಡೆದೀತು, 'ಕ್ಯಾಪ್ಟನ್' ಎಂದರೆ ಒಳ್ಳೆಯದು ಎಂದು ಅವಳ ಉತ್ತರ. ಆ ಪಾತ್ರದ ನಟಿ ಕೇಟ್ ಮಲ್ಗ್ರೂ ಇದನ್ನು ಗದರದೆ, ಅರ್ಧ ನಗುತ್ತಲೇ ಹೇಳುತ್ತಾರೆ. ಅಷ್ಟರಲ್ಲೇ ಹಡಗಿನ ಯಜಮಾನಿಕೆ ಯಾರದೆಂದು ತಿಳಿದುಹೋಗುತ್ತದೆ.

ಅಕ್ಕನ ಮಗಳು ಈ ಸರಣಿಯ ಪಾತ್ರಗಳನ್ನಿಟ್ಟು ಬರೆದಿರುವ ಅಭಿಮಾನಿ ಕತೆಯಲ್ಲಿ ಇದೇ ಕಿಮ್ ಜೇನ್‌ವೇಗೆ ಮಾತುಮಾತಿಗೂ 'ಸರ್' ಎನ್ನುತ್ತಾನೆ. ಫೋನಿನಲ್ಲಿ ಕೇಳಿದರೆ, "ಚಿಕ್ಕಮ್ಮ, ಸಮವಸ್ತ್ರ ತೊಟ್ಟ ಮೇಲೆ ಹೆಣ್ಣೇನು, ಗಂಡೇನು? ಸಾವಿಕ್‌ಳನ್ನು ಮಿಸ್ಟರ್ ಎನ್ನಲಿಲ್ಲವೇ?" ಎಂದಳು. ಹೌದು, 1982ರ ಸ್ಟಾರ್ ಟ್ರೆಕ್ ಚಿತ್ರ 'ದಿ ರಾತ್ ಆಫ್ ಖಾನ್'ನಲ್ಲಿ ಆ ಕಿರಿಯ ಅಧಿಕಾರಿಣಿ 'ಮಿಸ್ಟರ್ ಸಾವಿಕ್'. ಕಿರಿಯ ಅಧಿಕಾರಿಗಳನ್ನು ಮಿಸ್ಟರ್ ಎನ್ನುವ ನೌಕಾಪಡೆಯ ರೂಢಿ ಅದು. 2003ರಲ್ಲಿ ಮರುಹುಟ್ಟು ಪಡೆದ ಇನ್ನೊಂದು ಅಂತರಿಕ್ಷ ಸರಣಿ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದಲ್ಲಿಯೂ ಅಡ್ಮಿರಲ್ ಕೇನ್‌ಳಿಂದ ಹಿಡಿದು ಎಲ್ಲ ಸೇನಾಧಿಕಾರಿಣಿಯರೂ 'ಸರ್'. ಅದೇ ಲೋಕದ ಅಧ್ಯಕ್ಷೆ ಲಾರಾ ರೋಸ್ಲಿನ್ ಮಾತ್ರ 'ಮೇಡಂ ಪ್ರೆಸಿಡೆಂಟ್'! ಇದೆಂಥ ಸಮಾನತೆಯೋ! ಎಲ್ಲರೂ ಸಮಾನರಾಗಬೇಕೆಂದರೆ ಹೆಂಗಸರೇ ಗಂಡಸಿನ ಪದವಿಗೆ ಏರಬೇಕು. ಯಾವ ಗಂಡಸನ್ನೂ ಯಾರೂ 'ಮ್ಯಾಮ್' ಎನ್ನುವುದಿಲ್ಲ. ಹುದ್ದೆಯ ಹೆಸರಿಗೆ ಈ ತಾಪತ್ರಯವೇ ಇಲ್ಲ, ಅದು ದುಡಿದು ಗಳಿಸಿದ್ದು.

ಅವಳು ಒಪ್ಪಲಿಲ್ಲ. ಒಪ್ಪದಿದ್ದರೂ ಸರಿ, ಜೇನ್‌ವೇ ತಾನೇ ಬೇಡವೆಂದದ್ದನ್ನು ಆ ಪಾತ್ರದ ತಲೆಗೆ ಕಟ್ಟಬಾರದು ಎಂದೆ.

ಕತೆಗಾರರಿಗೆ ಇಲ್ಲಿರುವ ಸೊಗಸೇ ಬೇರೆ. 1996ರ ಒಂದು ಕಂತಿನಲ್ಲಿ ಸೋಂಕು ತಗಲಿದ ಜೇನ್‌ವೇ ಮತ್ತು ಅವಳ ಉಪನಾಯಕ ಚಕೋಟೆ ಇಬ್ಬರೇ ಒಂದು ಗ್ರಹದಲ್ಲಿ ಉಳಿಯಬೇಕಾಗುತ್ತದೆ. ಹಡಗು ಹೊರಟುಹೋಗಿದೆ. ಇನ್ನು ಕ್ಯಾಥರಿನ್ ಎಂದೇ ಕರೆಯಬಹುದು ಎನ್ನುತ್ತಾಳೆ ಅವಳು. ಅವನು ಅದಕ್ಕೆ ಕೆಲವು ದಿನ ಕಾಲಾವಕಾಶ ಕೇಳುತ್ತಾನೆ. ಈ ಜೋಡಿಯನ್ನು ಮೆಚ್ಚಿದವರು ಆ ಕೆಲವು ದಿನಗಳ ಮೇಲೆಯೇ ಎಷ್ಟೋ ಕತೆ ಹೆಣೆದಿದ್ದಾರೆ. ಮೊದಲ ಪುಟದಿಂದಲೇ 'ಸರ್' ಸುರಿದರೆ ಹತ್ತಿರವಾಗಲು ಮೆಟ್ಟಿಲೇ ಇರುವುದಿಲ್ಲ.

ನಮ್ಮ ಹುಡುಗಿಯ ಕತೆಯಲ್ಲಿ ಒಂದು 'ಸರ್' ನನಗೆ ಇಷ್ಟವಾಯಿತು. ಎಂಜಿನ್ ಕೋಣೆಯಲ್ಲಿ ಬೈಸಿಕೊಂಡ ಮುಖ್ಯ ಎಂಜಿನಿಯರ್ ಬೆಲಾನಾ ಟೋರೆಸ್ ಬಾಗಿಲ ಬಳಿ ತಿರುಗಿ, ಬೇಕೆಂದೇ, ಹಲ್ಲು ಕಚ್ಚಿ ಹೇಳುವ 'ಸರ್'. ಅದೊಂದನ್ನು ಬಿಟ್ಟು ಉಳಿದುದನ್ನು ತೆಗೆ ಎಂದಿದ್ದೇನೆ. ತೆಗೆಯುತ್ತಾಳಂತೆ, ಆದರೆ ಕಿಮ್ ಇನ್ನುಮುಂದೆ 'ಮ್ಯಾಮ್' ಎನ್ನುತ್ತಾನಂತೆ. ಹಟಮಾರಿ.