ಖಲೀಫರ ತಾಯಂದಿರೇ ದಾಸಿಯರಾಗಿದ್ದರೆ, ಆ ದಾಸ್ಯ ಅಷ್ಟೇನೂ ಕ್ರೂರವಾಗಿರಲಿಲ್ಲ ಅಲ್ಲವೇ?

ಅರಬ್ ಇತಿಹಾಸದ ಬಗ್ಗೆ ಬರೆಯಲು ತೊಡಗಿದ ಮೇಲೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: ಬಗ್ದಾದಿನ ಖಲೀಫರಲ್ಲಿ ಬಹುಪಾಲು ಮಂದಿ ದಾಸಿಯರ ಮಕ್ಕಳಂತೆ, ನಿಜವೇ? ನಿಜವಾದರೆ ಅಲ್ಲಿನ ದಾಸ್ಯ ನಾವು ತಿಳಿದಷ್ಟು ಕ್ರೂರವಾಗಿರಲಿಲ್ಲ ಅಲ್ಲವೇ? ಕೇಳುವವರಲ್ಲಿ ಕೆಲವರಿಗೆ ಇಸ್ಲಾಮನ್ನು ಸಮರ್ಥಿಸಲು ಒಂದು ವಾಕ್ಯ ಬೇಕಿರುತ್ತದೆ. ಇನ್ನು ಕೆಲವರಿಗೆ ಅದನ್ನು ಹಳಿಯಲು. ನನ್ನ ಉತ್ತರ ಇಬ್ಬರಿಗೂ ಒಂದೇ, ಮತ್ತು ಸಾಮಾನ್ಯವಾಗಿ ಇಬ್ಬರಿಗೂ ರುಚಿಸುವುದಿಲ್ಲ.

ಪ್ರಶ್ನೆಯ ಮೊದಲ ಅರ್ಧ ನಿಜ. ಬಗ್ದಾದಿನ ಖಲೀಫರ ಮನೆತನವಾದ ಅಬ್ಬಾಸಿಗಳಲ್ಲಿ ಸ್ವತಂತ್ರ ಸ್ತ್ರೀಯರ ಹೊಟ್ಟೆಯಲ್ಲಿ ಹುಟ್ಟಿದವರು ಸಫ್ಫಾಹ್, ಮಹ್ದಿ ಮತ್ತು ಅಮೀನ್ ಎಂಬ ಮೂವರು ಮಾತ್ರ ಎಂದು 11ನೇ ಶತಮಾನದ ಸ್ಪೇನಿನ ವಿದ್ವಾಂಸ ಇಬ್ನ್ ಹಜ್ಮ್ ಲೆಕ್ಕ ಕೊಟ್ಟಿದ್ದಾನೆ. ಬಗ್ದಾದನ್ನು ಕಟ್ಟಿಸಿದ ಮನ್ಸೂರನ ತಾಯಿ ಸಲ್ಲಾಮಾ ಬರ್ಬರ್ ದಾಸಿ. ಮಾಮೂನನ ತಾಯಿ ಮರಾಜಿಲ್ ಪರ್ಷಿಯಾದವಳು. ಹಾರೂನ್ ಅಲ್ ರಶೀದನ ತಾಯಿ ಖೈಜುರಾನ್ ಯೆಮನ್ ಕಡೆಯಿಂದ ಬಂದವಳು.

ಕನ್ನಡದಲ್ಲಿ ಇವರನ್ನು ಉಪಪತ್ನಿಯರು ಎಂದು ಬರೆಯುವ ರೂಢಿಯಿದೆ. ಆ ಪದದೊಳಗೆ ಪತ್ನಿ ಇದ್ದಾಳೆ, ಕೊಟ್ಟ ಬೆಲೆ ಕಾಣಿಸುವುದಿಲ್ಲ. ದಾಸಿ ಎಂಬ ಪದವೂ ಹರಿದಾಸರ ಸಹವಾಸದಿಂದಲೋ ಏನೋ ನಮ್ಮ ಕಿವಿಗೆ ಮೆತ್ತಗಾಗಿಬಿಟ್ಟಿದೆ. ತೊತ್ತು ಎಂಬ ಹಳೆಯ ಪದ ಹೆಚ್ಚು ಪ್ರಾಮಾಣಿಕವಾದರೂ ಅದು ಬೈಗುಳವಾಗಿ ಉಳಿದಿರುವುದರಿಂದ ಆ ಹೆಂಗಸರ ಮೇಲೆ ಹೊರಿಸಲು ನನಗೆ ಮನಸ್ಸಾಗದು. ಹಾಗಾಗಿ ದಾಸಿ ಎಂದೇ ಬರೆಯುತ್ತೇನೆ. ಓದುವವರು ಅದನ್ನು ಸೆರೆಸಿಕ್ಕವಳು ಅಥವಾ ಹಣ ಕೊಟ್ಟು ಕೊಂಡವಳು ಎಂದೇ ಓದಿಕೊಳ್ಳಬೇಕು. ಕುರಾನಿನ ಮಾತು ಇನ್ನೂ ನೇರವಾಗಿದೆ: ‘ನಿಮ್ಮ ಬಲಗೈಗಳ ಒಡೆತನಕ್ಕೆ ಬಂದವರು’.

ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ದಾಸಿಗೆ ಹುಟ್ಟಿದ ಮಗು, ತಂದೆ ಕುಲಕ್ಕೆ ಸೇರಿಸಿಕೊಳ್ಳದಿದ್ದರೆ, ದಾಸನಾಗಿಯೇ ಬೆಳೆಯುತ್ತಿತ್ತು. ಕವಿ ಅಂತರನ ತಾಯಿ ಜಬೀಬಾ ಇಥಿಯೋಪಿಯಾದ ದಾಸಿ. ಶತ್ರುಗಳು ದಾಳಿಯಿಟ್ಟ ದಿನ ತಂದೆ ಅವನಿಗೆ ನುಗ್ಗಿ ಹೋರಾಡು ಎಂದನಂತೆ. ದಾಸನಿಗೆ ಒಂಟೆಯ ಹಾಲು ಕರೆಯುವುದಷ್ಟೇ ಗೊತ್ತು, ಹೋರಾಡುವುದು ಗೊತ್ತಿಲ್ಲ ಎಂದು ಮಗ ಉತ್ತರಿಸಿದನಂತೆ. ಆಗ ತಂದೆ ಅವನನ್ನು ಸ್ವತಂತ್ರನೆಂದು ಘೋಷಿಸಿದನಂತೆ. ಕಥೆ ಎಷ್ಟು ನಿಜವೋ, ಅದರ ಹಿಂದಿರುವ ನಿಯಮ ಮಾತ್ರ ನಿಜ.

ಈ ನಿಯಮವೇ ಮುಂದೆ ಬದಲಾಯಿತು. ಕುರಾನ್ ದಾಸ್ಯವನ್ನು ರದ್ದುಮಾಡಲಿಲ್ಲ. ಬಿಡುಗಡೆಯನ್ನು ಪುಣ್ಯಕಾರ್ಯವೆಂದಿತು, ದಾಸಿಯರನ್ನು ಹಣದಾಸೆಗೆ ವೇಶ್ಯಾವೃತ್ತಿಗೆ ತಳ್ಳಬಾರದು ಎಂದು 24ನೇ ಅಧ್ಯಾಯದಲ್ಲಿ ನಿಷೇಧಿಸಿತು, ಒಡೆಯನಿಗೆ ತನ್ನ ದಾಸಿಯೊಡನೆ ಸಂಬಂಧವನ್ನು ಅನುಮತಿಸಿತು. ಪ್ರವಾದಿ ಮುಹಮ್ಮದರ ಬಳಿಗೆ ಈಜಿಪ್ಟಿನ ಅಧಿಪತಿ ಕಳುಹಿಸಿದ ಮಾರಿಯಾರ ಬಗ್ಗೆಯೂ ಹಲವರು ಕೇಳುತ್ತಾರೆ. ಅವರನ್ನು ದಾಸಿಯೆಂದು ಹೇಳುವ ಪರಂಪರೆಯೂ ಇದೆ, ಪತ್ನಿಯರ ಸಾಲಿನಲ್ಲಿ ಎಣಿಸುವ ಪರಂಪರೆಯೂ ಇದೆ. ಆದರೆ ನನ್ನ ಉತ್ತರ ನಿಂತಿರುವುದು ಕುರಾನಿನಲ್ಲಿ ಇಲ್ಲದ, ಎರಡನೇ ಖಲೀಫ ಉಮರರ (634–644) ತೀರ್ಪಿಗೆ ಸುನ್ನಿ ನ್ಯಾಯಶಾಸ್ತ್ರಜ್ಞರು ಸಂಬಂಧಿಸುವ ಒಂದು ನಿಯಮದ ಮೇಲೆ. ಒಡೆಯನ ಮಗುವನ್ನು ಹೆತ್ತ ದಾಸಿ ‘ಉಮ್ಮು ವಲದ್’, ಅಂದರೆ ಮಗುವಿನ ತಾಯಿ. ಅವಳನ್ನು ಮತ್ತೆ ಮಾರುವಂತಿಲ್ಲ. ಒಡೆಯ ಸತ್ತ ದಿನ ಅವಳು ಸ್ವತಂತ್ರಳು. ಅವಳ ಮಗು ಹುಟ್ಟಿನಿಂದಲೇ ಸ್ವತಂತ್ರ, ಪತ್ನಿಯ ಮಕ್ಕಳಿಗೆ ಸಮನಾಗಿ ಆಸ್ತಿಗೆ ಹಕ್ಕುದಾರ. ಅವಳನ್ನು ಮಾರಬಹುದೆಂಬ ಅಭಿಪ್ರಾಯ ನಾಲ್ಕನೇ ಖಲೀಫ ಅಲಿಯವರದಾಗಿತ್ತು ಎಂಬ ವರದಿಯೂ ಇದೆ, ಶಿಯಾ ಕಾನೂನು ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು.

ಸಮರ್ಥಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ಇಲ್ಲಿಂದಲೇ ಶುರುಮಾಡಬೇಕೆನ್ನುತ್ತೇನೆ. ಈ ನಿಯಮ ಕಾಪಾಡಿದ್ದು ತಾಯಿಯನ್ನು. ತಾಯಿಯಾಗುವ ಮುಂಚಿನ ಹೆಣ್ಣನ್ನು ಅದು ಕಾಣಲಿಲ್ಲ. ಹೊಸದಾಗಿ ಕೊಂಡವಳು ಬಸುರಿಯಲ್ಲ ಎಂದು ಖಚಿತವಾಗಲು ಒಡೆಯ ಒಂದು ಮುಟ್ಟಿನ ಅವಧಿ ಕಾಯಬೇಕಿತ್ತು. ಮಗುವಿನ ತಂದೆ ಯಾರೆಂಬ ಗೊಂದಲ ಬಾರದಿರಲೆಂದು ಆ ಕಾಯುವಿಕೆ, ಅವಳ ಒಪ್ಪಿಗೆಗಾಗಿ ಅಲ್ಲ. ಅವಳ ಒಪ್ಪಿಗೆಯನ್ನು ಷರತ್ತಾಗಿ ಆ ಕಾಲದ ಕಾನೂನು ಕೇಳಲೇ ಇಲ್ಲ. ಇನ್ನೊಂದು ವಿವರ ನನ್ನನ್ನು ಬಹಳ ಕಾಡುತ್ತದೆ. ಗರ್ಭವಾಗದಂತೆ ಎಚ್ಚರ ವಹಿಸುವುದಕ್ಕೆ ಸ್ವತಂತ್ರ ಪತ್ನಿಯ ಅನುಮತಿ ಬೇಕೆಂದು ಬಹಳಷ್ಟು ನ್ಯಾಯಶಾಸ್ತ್ರಜ್ಞರು ಹೇಳಿದರು. ದಾಸಿಯ ಅನುಮತಿ ಬೇಕಿಲ್ಲ ಎಂದರು. ಬನೂ ಮುಸ್ತಲಿಕ್ ಕುಲದ ಮೇಲಿನ ದಂಡಯಾತ್ರೆಯಲ್ಲಿ ಸೆರೆಸಿಕ್ಕ ಹೆಂಗಸರ ಕುರಿತ ಹದೀಸಿನಲ್ಲಿ (ಪ್ರವಾದಿಯವರ ನಡೆನುಡಿಗಳ ವರದಿಯಲ್ಲಿ) ಕಾರಣವೂ ಬಚ್ಚಿಟ್ಟಿಲ್ಲ: ಅವರಿಂದ ಬರಬೇಕಾದ ಒತ್ತೆಹಣ ಕೈತಪ್ಪಬಾರದು. ಗರ್ಭಿಣಿಯಾದರೆ ಬೆಲೆ ಹೋಯಿತು. ಅಂದರೆ ಅವಳಿಗೆ ಬಿಡುಗಡೆಯ ಬಾಗಿಲಾಗಬಹುದಾಗಿದ್ದ ಅದೇ ಬಸಿರು ಒಡೆಯನ ಲೆಕ್ಕದಲ್ಲಿ ನಷ್ಟ. ಮೇಲಾಗಿ ಸುನ್ನಿ ನ್ಯಾಯಶಾಸ್ತ್ರದ ಹನಫಿ ಪಂಥದ ಪ್ರಕಾರ ಮೊದಲ ಮಗುವನ್ನು ತನ್ನದೆಂದು ಒಡೆಯ ಬಾಯಿಬಿಟ್ಟು ಒಪ್ಪಿಕೊಳ್ಳಬೇಕಿತ್ತು. ಸಂಬಂಧ ಇದ್ದದ್ದನ್ನು ಒಪ್ಪಿಕೊಂಡರೆ ಸಾಕೆಂದು ಮಾಲಿಕಿ, ಶಾಫಿ ಪಂಥಗಳು ಸ್ವಲ್ಪ ಉದಾರವಾದವು.

ಮಕ್ಕಳ ಕಥೆ ಬೇರೆ. ಕಾನೂನು ಸಮಾನತೆ ಕೊಟ್ಟರೂ ಅಬ್ಬಾಸಿಗಳಿಗೆ ಮುಂಚೆ ಆಳಿದ ಉಮಯ್ಯಾದ್ ಮನೆತನ ಬಹಳ ಕಾಲ ಅದನ್ನು ಸಿಂಹಾಸನದ ತನಕ ಬಿಡಲಿಲ್ಲ. 717ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿದ ಸೇನಾನಿ ಮಸ್ಲಮಾ ಖಲೀಫನ ಮಗನಾಗಿದ್ದರೂ ದಾಸಿಯ ಮಗನೆಂಬ ಕಾರಣಕ್ಕೆ ಖಲೀಫನಾಗಲಿಲ್ಲ. ದಾಸಿಯ ಮಗನೊಬ್ಬ ಆ ಗದ್ದುಗೆ ಏರಲು 744 ಬರಬೇಕಾಯಿತು. ಪ್ರವಾದಿಯವರ ವಂಶದ ಜೈದ್ ಬಿನ್ ಅಲಿಯ ತಾಯಿ ಸಿಂಧ್ ಕಡೆಯ ದಾಸಿಯೆಂದು ಪರಂಪರೆ ಹೇಳುತ್ತದೆ. ಖಲೀಫ ಹಿಶಾಮ್ ಇದನ್ನೆತ್ತಿ ಹಂಗಿಸಿದಾಗ, ಇಬ್ರಾಹೀಮರ ಮಗ ಇಸ್ಮಾಯಿಲರ ತಾಯಿಯೂ ದಾಸಿಯೇ ಅಲ್ಲವೇ ಎಂದು ಜೈದ್ ಕೇಳಿದನಂತೆ. 762ರಲ್ಲಿ ಮದೀನಾದಲ್ಲಿ ಬಂಡೆದ್ದ, ಪ್ರವಾದಿಯವರ ವಂಶದವನೇ ಆದ ಮುಹಮ್ಮದ್ ನಫ್ಸ್ ಜಕಿಯಾ, ತನ್ನ ರಕ್ತದಲ್ಲಿ ದಾಸಿಯರ ಪಾಲಿಲ್ಲ ಎಂದು ಮನ್ಸೂರನಿಗೆ ಕಾಗದ ಬರೆದ. ಸಲ್ಲಾಮಾಳ ಮಗ ಬಿಟ್ಟಾನೆಯೇ? ನಿನ್ನ ವಂಶದಲ್ಲೇ ಅತ್ಯುತ್ತಮರಾದ ಅಲಿ ಬಿನ್ ಹುಸೇನರು (ಜೈದನ ತಂದೆ) ದಾಸಿಯ ಮಗ, ಅವರು ನಿನ್ನ ಅಜ್ಜನಿಗಿಂತ ಮೇಲು ಎಂದು ಉತ್ತರಿಸಿದ.

ಗೆದ್ದದ್ದು ಮನ್ಸೂರನೇ. ಆ ಬಳಿಕ ದಾಸಿಯ ಮಗ ಎಂಬ ಮಾತಿನ ಮೊನೆ ಅರಮನೆಯಲ್ಲಿ ಮೊಂಡಾಯಿತು. ಆದರೆ ಮಕ್ಕಳು ಸ್ವತಂತ್ರರಾದಂತೆಲ್ಲ ಮುಂದಿನ ತಲೆಮಾರಿಗೆ ಹೊಸ ದಾಸಿಯರು ಬೇಕಾಗುತ್ತಿದ್ದರು. ಸ್ವತಂತ್ರ ಮುಸ್ಲಿಮನನ್ನಾಗಲಿ, ರಾಜ್ಯದೊಳಗಿನ ರಕ್ಷಿತ ಕ್ರೈಸ್ತ, ಯಹೂದಿಗಳನ್ನಾಗಲಿ ದಾಸರನ್ನಾಗಿಸಲು ಕಾನೂನು ಬಿಡುತ್ತಿರಲಿಲ್ಲ. ಆದ್ದರಿಂದ ಗಡಿಯಾಚೆಯ ತುರ್ಕರು, ಸ್ಲಾವರು, ಗ್ರೀಕರು, ಆಫ್ರಿಕನ್ನರು ಸಂತೆಗೆ ಬಂದರು. ಒಂದು ಮಗುವಿಗೆ ದಯೆ ತೋರಿದ ಅದೇ ನಿಯಮ ದೂರದ ಇನ್ನೊಂದು ಮನೆಯ ಮಗಳ ಬೇಡಿಕೆಯನ್ನೂ ಜೀವಂತವಾಗಿಟ್ಟಿತು. ನನ್ನ ಉತ್ತರದ ತಿರುಳು ಇದೇ.

ಅಬ್ಬಾಸಿ ಅರಮನೆಯಲ್ಲಿ ಹಾಡಿದ ಅರೀಬಳಂಥ ದಾಸಿ ಗಾಯಕಿಯರು ಇದ್ದರಲ್ಲ ಎನ್ನುತ್ತಾರೆ ಕೆಲವರು. ಇದ್ದರು. ಅವಳು ಅಸಾಧಾರಣ ಕವಿ, ಸಾವಿರಕ್ಕೂ ಮಿಕ್ಕಿ ಹಾಡು ಕಟ್ಟಿದವಳೆಂದು ಹೆಸರು. ಹಳೆಯ ಕಥನಗಳ ಪ್ರಕಾರ ಒಡೆಯನಿಂದ ತಪ್ಪಿಸಿಕೊಂಡು ಓಡಿಯೂ ಹೋಗಿದ್ದಳು. ಮೆಚ್ಚಿ ಕೇಳಿದವರಲ್ಲೂ ಕೆಲವರು ಅವಳನ್ನು ಕೊಂಡೇ ಕೇಳಿದರು.

ಈ ಪದ್ಧತಿಯನ್ನು ಇಂದಿಗೂ ಎಳೆದು ತರುವವರಿಗೆ ಎರಡೇ ಮಾತು. ಟುನೀಸಿಯಾ 1846ರಲ್ಲಿ, ಸೌದಿ ಅರೇಬಿಯಾ 1962ರಲ್ಲಿ ದಾಸ್ಯವನ್ನು ರದ್ದುಮಾಡಿದವು. 2014ರಲ್ಲಿ ಐಸಿಸ್ ಇರಾಕಿನ ಯಜೀದಿ ಸಮುದಾಯದ ಹೆಂಗಸರನ್ನು ಹಿಡಿದು ಮಾರಿದಾಗ, ದಾಸ್ಯವನ್ನು ಮತ್ತೆ ತರುವುದು ನಿಷಿದ್ಧ ಎಂದು ನೂರಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು.

ಇನ್ನು ಖಲೀಫರ ತಾಯಂದಿರ ಹೆಸರುಗಳನ್ನೇ ನೋಡಿ. ಮರಾಜಿಲ್ ಎಂದರೆ ಹಂಡೆಗಳು. ಖೈಜುರಾನ್ ಎಂದರೆ ಬೆತ್ತ. ಖಲೀಫ ಮುತಜ್ಜನ ತಾಯಿ ಬಹಳ ಚೆಲುವೆಯಾಗಿದ್ದಳಂತೆ; ಅದಕ್ಕೇ ತಮಾಷೆಗೆಂದು ಇಟ್ಟ ಹೆಸರು ಕಬೀಹಾ, ಕುರೂಪಿ. ಖಲೀಫ ಮುಕ್ತದಿರನ ತಾಯಿ ಶಗಬ್, ಅಂದರೆ ಗಲಾಟೆ. 908ರಲ್ಲಿ ಹದಿಮೂರರ ಮಗ ಗದ್ದುಗೆ ಏರಿದಾಗಿನಿಂದ ಸುಮಾರು ಕಾಲು ಶತಮಾನ ರಾಜ್ಯದ ಹಣಕಾಸು, ನೇಮಕಗಳಲ್ಲಿ ಅವಳ ಕೈ ಆಡುತ್ತಿತ್ತು. 918ರಲ್ಲಿ ಅವಳ ಮನೆವಾರ್ತೆಯ ಅಧಿಕಾರಿಣಿ ಸುಮಲ್, ಖಾಜಿಗಳ ನಡುವೆ ಕುಳಿತು ಜನರ ದೂರುಗಳನ್ನು ಆಲಿಸಿದಳು. 932ರಲ್ಲಿ ಮಗ ಕೊಲೆಯಾದ ಮೇಲೆ ಹೊಸ ಖಲೀಫ ಕಾಹಿರ್, ತಾನೂ ದಾಸಿಯೊಬ್ಬಳ ಮಗನೇ, ಬಚ್ಚಿಟ್ಟ ಹಣಕ್ಕಾಗಿ ಅವಳನ್ನು ತಲೆಕೆಳಗಾಗಿ ನೇತುಹಾಕಿ ಹೊಡೆಸಿದ. ಮೆಕ್ಕಾ, ಮದೀನಾಗಳಿಗೂ ಬಡವರಿಗೂ ತಾನು ಬಿಟ್ಟುಕೊಟ್ಟಿದ್ದ ವಕ್ಫ್ ಆಸ್ತಿಗಳನ್ನು ರದ್ದುಪಡಿಸಿ ಮಾರಲು ಅವಳು ಕೊನೆಯವರೆಗೂ ಒಪ್ಪಲಿಲ್ಲ.